ಹೊಲ, ತೊಟ್ಟಿಲು, ಸಮಾಧಿ: ಯೂರೋಪಿನ ಹಳ್ಳಿಗಳಿಗೆ ಕ್ರೈಸ್ತಧರ್ಮ ಬಂದ ಬಗೆ

ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತಧರ್ಮ ಮೊದಲು ಬೇರುಬಿಟ್ಟಿದ್ದು ಪಟ್ಟಣಗಳಲ್ಲಿ. ಬಂದರುಗಳು, ಕಸುಬುದಾರರ ಕೇರಿಗಳು, ವ್ಯಾಪಾರದ ದಾರಿಗಳು ಅದನ್ನು ಹೊತ್ತು ಸಾಗಿದವು. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಎಂಬ ಇಬ್ಬರು ಚಕ್ರವರ್ತಿಗಳು ಕ್ರೈಸ್ತರಿಗೆ ಪೂಜಾಸ್ವಾತಂತ್ರ್ಯ ಕೊಟ್ಟರು. 380ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಕ್ರೈಸ್ತಧರ್ಮವನ್ನೇ ಪ್ರಜೆಗಳೆಲ್ಲರ ಧರ್ಮವೆಂದು ಸಾರಿದ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಹಳೆಯ ದೇವರುಗಳಿಗೆ ಬಲಿ ಕೊಡುವುದು, ಗುಡಿಗಳಲ್ಲಿ ಪೂಜೆ ನಡೆಸುವುದು ಶಿಕ್ಷಾರ್ಹವಾದವು. ಆದರೆ ಸಾಮ್ರಾಜ್ಯದ ಬಹುಪಾಲು ಜನ ಪಟ್ಟಣದವರಲ್ಲ, ಹೊಲ ಗೇಯುವವರು. ಚಕ್ರವರ್ತಿಯ ಆಜ್ಞೆ ಅವರ ಊರಬಾವಿಯ ತನಕ ಬರಲು ಬಹಳ ಕಾಲ ಹಿಡಿಯಿತು. ಲ್ಯಾಟಿನ್ ಭಾಷೆಯಲ್ಲಿ ‘ಪಾಗಾನುಸ್’ ಎಂದರೆ ಮೂಲದಲ್ಲಿ ಹಳ್ಳಿಯವನು. 4ನೇ ಶತಮಾನದಲ್ಲಿ ಅದೇ ಪದಕ್ಕೆ ‘ಕ್ರೈಸ್ತನಲ್ಲದವನು’ ಎಂಬ ಅರ್ಥ ಬಂತು.

ಈ ಹಳ್ಳಿಗರ ನಂಬಿಕೆಗೆ ಗ್ರಂಥವಿರಲಿಲ್ಲ, ಪ್ರವಾದಿಯಿರಲಿಲ್ಲ. ಅದು ನೆಲಕ್ಕೆ ಅಂಟಿಕೊಂಡ ನಡವಳಿಕೆ. ಈ ಬುಗ್ಗೆಗೆ ರೊಟ್ಟಿ ಹಾಕಬೇಕು, ಆ ಮರವನ್ನು ಕಡಿಯಬಾರದು, ಕವಲುದಾರಿಯಲ್ಲಿ ದೀಪ ಹಚ್ಚಬೇಕು. ಮಳೆ ಬರುವುದೇ, ದನ ಉಳಿಯುವುದೇ, ತೊಟ್ಟಿಲಲ್ಲಿ ಮಲಗಿರುವ ಮಗು ಬದುಕುವುದೇ, ಸತ್ತವರು ನೆಮ್ಮದಿಯಾಗಿ ಇರುವರೇ ಎಂಬ ಪ್ರಶ್ನೆಗಳಿಗೆ ಆ ನಡವಳಿಕೆ ಉತ್ತರ ಕೊಡುತ್ತಿತ್ತು. ಪಾಪ ಮತ್ತು ಮೋಕ್ಷದ ಮಾತಾಡುತ್ತ ಬಂದ ಹೊಸ ಧರ್ಮ ಈ ಪ್ರಶ್ನೆಗಳನ್ನು ತನ್ನವಾಗಿ ಮಾಡಿಕೊಳ್ಳುವವರೆಗೂ ಹಳ್ಳಿಯಲ್ಲಿ ಅತಿಥಿಯಾಗಿಯೇ ಉಳಿಯಿತು. ರಾಜನ ದೀಕ್ಷಾಸ್ನಾನ ಒಂದು ಬೆಳಗಿನ ಕೆಲಸ. ರೈತನ ಮನೆಯೊಳಗಿನ ಬದಲಾವಣೆಗೆ ಸಾವಿರ ವರ್ಷ ಬೇಕಾಯಿತು.

ಹಳ್ಳಿಗಾಡಿಗೆ ಇಳಿದವರಲ್ಲಿ ಮೊದಲು ಹೆಸರಾದವನು ತೂರ್ ಪಟ್ಟಣದ ಬಿಷಪ್ ಮಾರ್ಟಿನ್. ಹಿಂದೆ ಸೈನಿಕನಾಗಿದ್ದು ಆಮೇಲೆ ಸನ್ಯಾಸಿಯಾದವನು. 371ರ ಸುಮಾರಿಗೆ ಬಿಷಪ್ ಪದವಿಗೆ ಬಂದು 397ರಲ್ಲಿ ತೀರಿಕೊಂಡ. ಅವನ ಚರಿತ್ರೆ ಬರೆದ ಸುಲ್ಪೀಸಿಯಸ್ ಸೆವೇರಸ್ ಒಂದು ಹಳ್ಳಿಯ ಪ್ರಸಂಗ ಹೇಳುತ್ತಾನೆ. ಮಾರ್ಟಿನ್ ಅಲ್ಲಿನ ಪುರಾತನ ಗುಡಿಯನ್ನು ಕೆಡವಿಸಿದಾಗ ಊರವರು ಸುಮ್ಮನೆ ನೋಡುತ್ತ ನಿಂತರು. ಗುಡಿಯ ಪಕ್ಕದ ಪೈನ್ ಮರಕ್ಕೆ ಕೊಡಲಿ ಹಾಕಲು ಹೋದಾಗ ಮಾತ್ರ ಅಡ್ಡ ಬಂದರು. ಮರ ಬೀಳುವ ಕಡೆಗೇ ನೀನು ನಿಲ್ಲುವುದಾದರೆ ನಾವೇ ಕಡಿಯುತ್ತೇವೆ ಎಂದು ಸವಾಲು ಹಾಕಿದರು. ಮಾರ್ಟಿನ್ ನಿಂತ, ಶಿಲುಬೆಯ ಗುರುತು ಮಾಡಿದಾಗ ಮರ ಇನ್ನೊಂದು ಕಡೆಗೆ ಉರುಳಿತು ಎಂಬುದು ಕಥೆ. ಪವಾಡಕ್ಕಿಂತ ಅದರ ಹಿಂದಿನ ವಿವರ ಹೆಚ್ಚು ಹೇಳುತ್ತದೆ. ಕಲ್ಲಿನ ಗುಡಿ ಹೋದರೆ ಜನ ತಡೆದುಕೊಂಡಾರು, ಊರ ಮರ ಹೋಗುವುದನ್ನು ತಡೆದುಕೊಳ್ಳಲಾರರು.

ರೋಮನ್ ಆಳ್ವಿಕೆ ಕುಸಿದ ನಂತರದ ಗಾಲ್ ನಾಡಿನಲ್ಲಿ, ಅಂದರೆ ಈಗಿನ ಫ್ರಾನ್ಸಿನಲ್ಲಿ, ಬೋಧನೆಯ ಹೊರೆಯೆಲ್ಲ ಬಿಷಪ್‌ಗಳ ಮೇಲೆ ಬಿತ್ತು. 502ರಿಂದ 542ರವರೆಗೆ ಆರ್ಲ್ ಪಟ್ಟಣದ ಬಿಷಪ್ ಆಗಿದ್ದ ಸೀಸೇರಿಯಸ್ ಪಾಂಡಿತ್ಯವನ್ನು ಬದಿಗಿಟ್ಟು, ಉಳುವವನಿಗೂ ತಿಳಿಯುವ ಸರಳ ಲ್ಯಾಟಿನ್ನಿನಲ್ಲಿ ಪ್ರವಚನ ಮಾಡುತ್ತಿದ್ದ. ಸುವಾರ್ತೆಯ ಪಠಣ ಮುಗಿದ ಕೂಡಲೇ ಜನ ಎದ್ದು ಹೋಗುತ್ತಾರೆಂದು ಚರ್ಚಿನ ಬಾಗಿಲು ಹಾಕಿಸಿದ್ದೂ ಉಂಟು. ಜನವರಿ ಮೊದಲ ದಿನ ಜಿಂಕೆಯ ವೇಷ ಹಾಕಿಕೊಂಡು ಕುಣಿಯುವವರ ಮೇಲೆ, ಬುಗ್ಗೆಗಳಿಗೆ ಮರಗಳಿಗೆ ಹರಕೆ ಕಟ್ಟುವವರ ಮೇಲೆ ಅವನು ಮತ್ತೆ ಮತ್ತೆ ಹರಿಹಾಯುತ್ತಾನೆ. ಆದರೆ ಅವನು ಬಯ್ಯುತ್ತಿದ್ದುದು ಹೊರಗಿನವರನ್ನಲ್ಲ, ದೀಕ್ಷಾಸ್ನಾನ ಪಡೆದು ಚರ್ಚಿಗೆ ಬರುತ್ತಿದ್ದವರನ್ನೇ. ತಾವು ಎರಡು ಧರ್ಮಗಳ ನಡುವೆ ಇದ್ದೇವೆ ಎಂದು ಆ ಜನರಿಗೆ ಅನ್ನಿಸಿದಂತಿಲ್ಲ.

ಈಗಿನ ಪೋರ್ಚುಗಲ್‌ನ ಬ್ರಾಗಾದಲ್ಲಿ ಬಿಷಪ್ ಆಗಿದ್ದ ಇನ್ನೊಬ್ಬ ಮಾರ್ಟಿನ್ 570ರ ದಶಕದಲ್ಲಿ ಹಳ್ಳಿಗರನ್ನು ತಿದ್ದುವುದಕ್ಕೆಂದೇ ಒಂದು ಪುಸ್ತಿಕೆ ಬರೆದ. ಹೆಂಗಸರು ನೇಯುವಾಗ ಮಿನರ್ವಾ ದೇವಿಯ ಹೆಸರು ಹೇಳುವುದು, ಮದುವೆಗೆ ವೀನಸ್ ದೇವಿಯ ವಾರವೇ ಆಗಬೇಕೆನ್ನುವುದು, ಇಲಿ ಮತ್ತು ನುಸಿಗಳ ಹೆಸರಿನಲ್ಲಿ ದಿನ ಆಚರಿಸುವುದು, ನೀರಬುಗ್ಗೆಗೆ ರೊಟ್ಟಿ ಎಸೆಯುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಖಂಡಿಸಲು ಕೂತವನೇ ಆ ಕಾಲದ ಮನೆಯೊಳಗಿನ ಬದುಕನ್ನು ಉಳಿಸಿಕೊಟ್ಟಂತಾಗಿದೆ. ವಾರಗಳ ಹೆಸರನ್ನೂ ಅವನು ಸಹಿಸಲಿಲ್ಲ. ಕನ್ನಡದ ವಾರಗಳಂತೆ ರೋಮನ್ನರ ವಾರಗಳೂ ಗ್ರಹಗಳ ಹೆಸರಿನವು, ಆ ಗ್ರಹಗಳೋ ದೇವತೆಗಳು. ಅವುಗಳ ಬದಲಿಗೆ ಎರಡನೆಯದು, ಮೂರನೆಯದು ಎಂದು ಎಣಿಸಬೇಕೆಂಬುದು ಅವನ ವಾದ. ಪೋರ್ಚುಗೀಸರು ಇಂದಿಗೂ ಸೋಮವಾರದಿಂದ ಶುಕ್ರವಾರದವರೆಗೆ ಹಾಗೆಯೇ ಎಣಿಸುತ್ತಾರೆ. ಇಂಗ್ಲಿಷರ ವಾರದಲ್ಲಿ ಹಳೆಯ ದೇವರುಗಳಾದ ವೋಡನ್ ಮತ್ತು ಥೋರ್ ಈಗಲೂ ಕುಳಿತಿದ್ದಾರೆ.

ಬಯ್ಯುವುದಕ್ಕಿಂತ ಬೇರೆ ದಾರಿ ಹಿಡಿದವರೂ ಇದ್ದರು. 594ರಲ್ಲಿ ತೀರಿಕೊಂಡ ತೂರ್‌ನ ಬಿಷಪ್ ಗ್ರೆಗರಿ ದಕ್ಷಿಣ ಗಾಲ್‌ನ ಜೆವೊದಾನ್ ಬೆಟ್ಟಸೀಮೆಯ ಒಂದು ಜಾತ್ರೆಯನ್ನು ವರ್ಣಿಸಿದ್ದಾನೆ. ಹೆಲಾರಿಯಸ್ ಎಂಬ ಬೆಟ್ಟದ ಮೇಲೆ ಒಂದು ದೊಡ್ಡ ಕೆರೆ. ಪ್ರತಿವರ್ಷ ಸುತ್ತಲ ಹಳ್ಳಿಗರು ಗಾಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಅಲ್ಲಿಗೆ ಬರುತ್ತಿದ್ದರು. ಬಟ್ಟೆ, ಉಣ್ಣೆ, ಗಿಣ್ಣು, ಮೇಣ, ರೊಟ್ಟಿ, ಅವರವರ ಶಕ್ತಿಗೆ ತಕ್ಕ ಕಾಣಿಕೆಯನ್ನು ಕೆರೆಗೆ ಹಾಕುತ್ತಿದ್ದರು. ಮೂರು ದಿನ ಬಲಿ, ಊಟ, ಕುಡಿತ. ನಾಲ್ಕನೆಯ ದಿನ ಹಿಂದಿರುಗುವಾಗ ಗುಡುಗು ಮಿಂಚಿನ ಮಳೆ ಅವರನ್ನು ಅಟ್ಟಿಸಿಕೊಂಡು ಬರುತ್ತಿತ್ತಂತೆ. ಆ ಸೀಮೆಯ ಬಿಷಪ್ ಬಂದು ಉಪದೇಶ ಮಾಡಿದ, ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅವನು ಕೆರೆಯಿಂದ ಸ್ವಲ್ಪ ದೂರದಲ್ಲಿ ಪ್ವಾತಿಯೆಯ ಸಂತ ಹಿಲರಿಯ ಹೆಸರಿನಲ್ಲಿ ಚರ್ಚು ಕಟ್ಟಿಸಿ, ಸಂತನ ಪವಿತ್ರ ಅವಶೇಷಗಳನ್ನು ಅದರಲ್ಲಿ ಇರಿಸಿದ. ಕೆರೆಗೆ ಹೋಗುತ್ತಿದ್ದ ಗಿಣ್ಣು, ಮೇಣ, ಉಣ್ಣೆಗಳು ಮೆಲ್ಲಗೆ ಚರ್ಚಿಗೆ ಬರತೊಡಗಿದವು. ಹೆಲಾರಿಯಸ್ ಬೆಟ್ಟಕ್ಕೆ, ಲ್ಯಾಟಿನ್ನಿನಲ್ಲಿ ಹಿಲಾರಿಯಸ್ ಎನಿಸಿಕೊಳ್ಳುವ ಸಂತ! ಹೆಸರಿನ ಈ ಹೊಂದಿಕೆ ಆ ಬಿಷಪ್‌ನ ಜಾಣ್ಮೆಯೆಂದೇ ತೋರುತ್ತದೆ. ಬೆಟ್ಟ ಅದೇ, ದಾರಿ ಅದೇ, ಕಾಣಿಕೆ ಅದೇ. ಕೈಚಾಚಿ ತೆಗೆದುಕೊಳ್ಳುವವನು ಮಾತ್ರ ಬೇರೆ.

ಇದೇ ವಿಧಾನವನ್ನು ಲಿಖಿತ ನೀತಿಯಾಗಿ ಮಾಡಿದವನು ಅದೇ ಹೆಸರಿನ ಇನ್ನೊಬ್ಬ, ರೋಮ್‌ನ ಪೋಪ್ ಗ್ರೆಗರಿ. ಅವನು ಕಳಿಸಿದ ಅಗಸ್ಟೀನ್ ಎಂಬ ಸನ್ಯಾಸಿ 597ರಲ್ಲಿ ಇಂಗ್ಲೆಂಡಿನ ಕೆಂಟ್ ರಾಜ್ಯಕ್ಕೆ ಬಂದಿಳಿದ. ಅಲ್ಲಿನ ರಾಜ ಎಥೆಲ್‌ಬರ್ಟ್‌ನ ಹೆಂಡತಿ ಬರ್ತಾ ಗಾಲ್ ನಾಡನ್ನು ಆಳುತ್ತಿದ್ದ ಫ್ರಾಂಕ್ ರಾಜಮನೆತನದವಳು, ಆಗಲೇ ಕ್ರೈಸ್ತಳು. 601ರಲ್ಲಿ ಗ್ರೆಗರಿ ಮೊದಲು ರಾಜನಿಗೆ ಗುಡಿಗಳನ್ನು ಕೆಡವಿಸೆಂದು ಬರೆದ. ಆಮೇಲೆ ಯೋಚಿಸಿ, ದಾರಿಯಲ್ಲಿದ್ದ ಮಠಾಧಿಪತಿ ಮೆಲಿಟಸ್‌ಗೆ ಇನ್ನೊಂದು ಪತ್ರ ಕಳಿಸಿದ. ವಿಗ್ರಹಗಳನ್ನಷ್ಟೇ ತೆಗೆಯಿರಿ, ಕಟ್ಟಡ ಗಟ್ಟಿಯಾಗಿದ್ದರೆ ತೀರ್ಥ ಪ್ರೋಕ್ಷಿಸಿ ಅದನ್ನೇ ಚರ್ಚು ಮಾಡಿರಿ. ಎತ್ತುಗಳನ್ನು ಬಲಿ ಕೊಟ್ಟು ಅಭ್ಯಾಸವಾಗಿರುವ ಜನ ಚರ್ಚಿನ ಸುತ್ತ ಕೊಂಬೆಗಳ ಚಪ್ಪರ ಹಾಕಿಕೊಂಡು, ಸಂತರ ಹಬ್ಬದ ದಿನ ಆ ಎತ್ತುಗಳನ್ನೇ ಕೊಯ್ದು ಉಂಡು ದೇವರನ್ನು ನೆನೆಯಲಿ ಎಂಬುದು ಅದರ ಸಾರ. ಎತ್ತರಕ್ಕೆ ಏರುವವನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆಯೇ ಹೊರತು ನೆಗೆದಲ್ಲ ಎಂಬ ಅರಿವು ಆ ಪತ್ರದಲ್ಲಿದೆ. ಮಧ್ಯಯುಗದ ಧರ್ಮಪ್ರಸಾರದಲ್ಲಿ ಇಷ್ಟು ಮಾನವೀಯವಾದ ಬರಹ ಬೇರೆ ಸಿಗುವುದು ಕಷ್ಟ.

ಇಂಗ್ಲೆಂಡಿನಲ್ಲಿ ದಾರಿ ನೇರವಾಗಿರಲಿಲ್ಲ. ಪೂರ್ವ ಆಂಗ್ಲಿಯದ ರಾಜ ರ‍್ಯಾಡ್‌ವಾಲ್ಡ್ ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೆಯ ದೇವರುಗಳಿಗೊಂದು ಪೀಠ ಇಟ್ಟಿದ್ದ. 664ರ ಮಹಾಮಾರಿಯಲ್ಲಿ ಎಸೆಕ್ಸ್ ರಾಜ್ಯದ ಒಂದು ಭಾಗದ ಜನ ರಾಜನ ಸಮೇತ ಹಳೆಯ ಗುಡಿಗಳಿಗೆ ಮರಳಿದರು. ಇದನ್ನೆಲ್ಲ ಬರೆದಿಟ್ಟ ನಾರ್ತಂಬ್ರಿಯದ ಸನ್ಯಾಸಿ ಬೀಡ್, ಸಂತ ಕತ್‌ಬರ್ಟನ ಜೀವನಚರಿತ್ರೆಯಲ್ಲಿ ಒಂದು ಸಣ್ಣ ದೃಶ್ಯವನ್ನು ಹಿಡಿದುಕೊಟ್ಟಿದ್ದಾನೆ. ಟೈನ್ ನದಿಯ ಅಳಿವೆಯ ಹತ್ತಿರ ಮಠದ ಸನ್ಯಾಸಿಗಳು ತೆಪ್ಪಗಳಲ್ಲಿ ಮರ ಸಾಗಿಸುತ್ತಿದ್ದರು. ಬಿರುಗಾಳಿ ಎದ್ದು ಐದು ತೆಪ್ಪಗಳು ಕಡಲಿನ ಕಡೆಗೆ ಕೊಚ್ಚಿಹೋದವು. ಎದುರು ದಡದಲ್ಲಿ ನೆರೆದ ಹಳ್ಳಿಗರು ಮರುಗುವ ಬದಲು ಗೇಲಿ ಮಾಡಿದರು. ಹುಡುಗ ಕತ್‌ಬರ್ಟ್ ಆಕ್ಷೇಪಿಸಿದಾಗ ಅವರು ಕೊಟ್ಟ ಉತ್ತರದ ಸಾರ ಇಷ್ಟು: ಇವರಿಗಾಗಿ ಯಾರೂ ಪ್ರಾರ್ಥಿಸುವುದು ಬೇಡ, ನಮ್ಮ ಹಳೆಯ ಪೂಜೆಗಳನ್ನು ಇವರು ಕಿತ್ತುಕೊಂಡರು, ಹೊಸದನ್ನು ಹೇಗೆ ನಡೆಸಬೇಕೆಂಬುದು ಯಾರಿಗೂ ತಿಳಿಯದು. ಕತ್‌ಬರ್ಟ್ ಮಂಡಿಯೂರಿ ಪ್ರಾರ್ಥಿಸಿದ, ಗಾಳಿ ತಿರುಗಿತು, ತೆಪ್ಪಗಳು ದಡ ಸೇರಿದವು ಎಂದು ಬೀಡ್ ಮುಂದುವರಿಸುತ್ತಾನೆ. ಬೋಧಕರ ಬಾಯಿಂದಲೇ ತುಂಬಿಹೋಗಿರುವ ಈ ಚರಿತ್ರೆಯಲ್ಲಿ ಉಳುವವರ ದನಿ ಇಷ್ಟು ಸ್ಪಷ್ಟವಾಗಿ ಕೇಳುವುದು ಅಪರೂಪ. ಆ ಮಾತಿನಲ್ಲಿ ಹಗೆಗಿಂತ ದಿಕ್ಕುತೋಚದ ಸಂಕಟವೇ ಹೆಚ್ಚು.

ಆ ಸಂಕಟ ನಿಜವಾದದ್ದೆಂದು ಬೀಡ್‌ಗೆ ಗೊತ್ತಿತ್ತು. ಸಾಯುವ ಕೆಲವು ತಿಂಗಳು ಮೊದಲು, 734ರಲ್ಲಿ, ಯಾರ್ಕ್‌ನ ಬಿಷಪ್ ಎಗ್ಬರ್ಟ್‌ಗೆ ಬರೆದ ಪತ್ರದಲ್ಲಿ ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ: ಬೆಟ್ಟಗಾಡಿನ ಎಷ್ಟೋ ಹಳ್ಳಿಗಳು ವರ್ಷಗಟ್ಟಲೆ ಬಿಷಪ್‌ನ ಮುಖ ಕಂಡಿಲ್ಲ, ಆದರೆ ಬಿಷಪ್‌ಗೆ ಸಲ್ಲಬೇಕಾದ ತೆರಿಗೆಯಿಂದ ಒಂದು ಹಳ್ಳಿಯೂ ತಪ್ಪಿಸಿಕೊಂಡಿಲ್ಲ. ಲ್ಯಾಟಿನ್ ಬಾರದವರಿಗೆ, ಅಂಥ ಪಾದ್ರಿಗಳಿಗೂ ಸಹ, ನಂಬಿಕೆಯ ಸಾರವಾದ ವಿಶ್ವಾಸಸಂಗ್ರಹವನ್ನೂ ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯನ್ನೂ ಅವರ ಮಾತಿನಲ್ಲೇ ಬಾಯಿಪಾಠ ಮಾಡಿಸಬೇಕೆಂದು ಅವನು ಒತ್ತಾಯಿಸಿದ. ಅದಕ್ಕಾಗಿ ಎರಡನ್ನೂ ಇಂಗ್ಲಿಷ್‌ಗೆ ತಾನೇ ಅನುವಾದಿಸಿ ಹಂಚಿದ್ದ.

ಇಂಗ್ಲೆಂಡಿನಿಂದ ಜರ್ಮನ್ ನಾಡಿಗೆ ಹೋದ ಬೋನಿಫೇಸ್ ಮಾರ್ಟಿನ್‌ನ ಕೊಡಲಿಯನ್ನೇ ಮತ್ತೆ ಎತ್ತಿಕೊಂಡ. 723ರ ಸುಮಾರಿಗೆ ಗೈಸ್ಮಾರ್ ಎಂಬಲ್ಲಿ ಗುಡುಗಿನ ದೇವತೆಗೆ ಮೀಸಲಾಗಿದ್ದ ಓಕ್ ಮರವನ್ನು ಕಡಿದು, ಆ ಮರದಿಂದಲೇ ಸಂತ ಪೇತ್ರನ ಪ್ರಾರ್ಥನಾಮಂದಿರ ಕಟ್ಟಿಸಿದ. 754ರಲ್ಲಿ ಫ್ರಿಸಿಯದಲ್ಲಿ ಅವನ ಕೊಲೆಯಾಯಿತು. ಅವನ ಪತ್ರವ್ಯವಹಾರ ಹಳ್ಳಿ ಪಾದ್ರಿಗಳ ಸ್ಥಿತಿಯನ್ನು ಬಯಲು ಮಾಡುತ್ತದೆ. ಬವೇರಿಯದ ಒಬ್ಬ ಪಾದ್ರಿಗೆ ಲ್ಯಾಟಿನ್ ವಿಭಕ್ತಿಗಳು ಸರಿಯಾಗಿ ಬರುತ್ತಿರಲಿಲ್ಲ. ತಂದೆಯ, ಮಗನ ಹೆಸರಿನಲ್ಲಿ ಎನ್ನಬೇಕಾದಲ್ಲಿ ‘ನಾಡು’, ‘ಮಗಳು’ ಎಂದು ಅರ್ಥ ಬರುವ ಪದಗಳನ್ನು ಉಚ್ಚರಿಸಿ ದೀಕ್ಷಾಸ್ನಾನ ಕೊಡುತ್ತಿದ್ದ. ಅದು ಸಲ್ಲದು, ಮತ್ತೆ ಕೊಡಬೇಕು ಎಂದು ಬೋನಿಫೇಸ್ ಹಟ ಹಿಡಿದ. 746ರಲ್ಲಿ ಪೋಪ್ ಜಕರಿ ಬೇಡವೆಂದ: ಆ ಪಾದ್ರಿಯ ತಪ್ಪು ಭಾಷೆಯದು, ನಂಬಿಕೆಯದಲ್ಲ. ಆ ತೀರ್ಪು ಬೇರೆಯಾಗಿದ್ದರೆ ಯೂರೋಪಿನ ಅರ್ಧ ಹಳ್ಳಿಗಳು ಮತ್ತೆ ನೀರಿಗಿಳಿಯಬೇಕಾಗುತ್ತಿತ್ತೇನೋ.

ಮೆಟ್ಟಿಲಿನ ದಾರಿಯನ್ನು ಬಿಟ್ಟು ಕತ್ತಿಯ ದಾರಿ ಹಿಡಿದವನು ಫ್ರಾಂಕ್ ದೊರೆ ಶಾರ್ಲಮೇನ್. 772ರಲ್ಲಿ ಅವನು ಉತ್ತರ ಜರ್ಮನ್ ನಾಡಿನ ಸ್ಯಾಕ್ಸನ್ನರ ಪವಿತ್ರ ಕಂಬ ಇರ್ಮಿನ್‌ಸುಲ್ ಅನ್ನು ಕೆಡವಿದ. ಯುದ್ಧ 804ರವರೆಗೆ ಎಳೆಯಿತು. 782ರಲ್ಲಿ ವೆರ್ಡೆನ್ ಎಂಬಲ್ಲಿ ಒಂದೇ ದಿನ 4,500 ಸ್ಯಾಕ್ಸನ್ನರ ತಲೆ ಕಡಿಸಿದನೆಂದು ಅವನ ಆಸ್ಥಾನದ ವಾರ್ಷಿಕ ದಾಖಲೆಯೇ ಹೇಳುತ್ತದೆ. ಆ ವರ್ಷಗಳಲ್ಲಿ ಸ್ಯಾಕ್ಸನಿಗೆ ಹೊರಡಿಸಿದ ಶಾಸನದ ಪ್ರಕಾರ ದೀಕ್ಷಾಸ್ನಾನ ತಪ್ಪಿಸಿಕೊಳ್ಳಲು ಅಡಗಿದವನಿಗೆ ಸಾವು, ಹೆಣ ಸುಟ್ಟವನಿಗೆ ಸಾವು, ಧರ್ಮವನ್ನು ತಿರಸ್ಕರಿಸಿ, ಈಸ್ಟರ್ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಮಾಂಸ ತಿಂದವನಿಗೆ ಸಾವು. ಸತ್ತವರನ್ನು ಹಿರಿಯರ ದಿಬ್ಬಗಳಿಗೆ ಒಯ್ಯದೆ ಚರ್ಚಿನ ಸ್ಮಶಾನದಲ್ಲೇ ಹೂಳಬೇಕು. ಎಲ್ಲರೂ ತಮ್ಮ ದುಡಿಮೆಯ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡಬೇಕು. ಅವನ ಆಸ್ಥಾನದ ವಿದ್ವಾಂಸ ಆಲ್ಕ್ವಿನ್ 796ರ ಪತ್ರಗಳಲ್ಲಿ ಇದನ್ನು ವಿರೋಧಿಸಿದ. ಮನುಷ್ಯನನ್ನು ನಂಬಿಕೆಯ ಕಡೆಗೆ ಸೆಳೆಯಬಹುದೇ ಹೊರತು ತಳ್ಳಲಾಗದು, ಈ ದಶಮಾಂಶವೇ ಸ್ಯಾಕ್ಸನ್ನರ ನಂಬಿಕೆ ಕೆಡಿಸಿತು ಎಂಬುದು ಅವನ ನಿಲುವು. 797ರ ಹೊಸ ಶಾಸನ ಮರಣದಂಡನೆಗಳ ಜಾಗಕ್ಕೆ ಬಹುಮಟ್ಟಿಗೆ ದಂಡವನ್ನು ತಂದಿತು. ಆದರೆ ಅಷ್ಟು ಹೊತ್ತಿಗೆ ಒಂದು ತಲೆಮಾರು ಸತ್ತುಹೋಗಿತ್ತು. ಪೋಪ್ ಗ್ರೆಗರಿಯ ಪತ್ರ ಓದಿದವರಿಗೆ ಆ ಮೊದಲ ಶಾಸನವನ್ನು ಓದುವುದು ಕಷ್ಟ.

ಅದೇ ಶಾರ್ಲಮೇನ್‌ನ ಕೊನೆಗಾಲದಲ್ಲಿ, 813ರಲ್ಲಿ, ತೂರ್ ಪಟ್ಟಣದಲ್ಲಿ ಸೇರಿದ ಬಿಷಪ್‌ಗಳ ಸಭೆ ಪ್ರವಚನಗಳನ್ನು ಜನರ ಆಡುಮಾತಿಗೆ ತಿರುಗಿಸಿ ಹೇಳಬೇಕೆಂದು ಗೊತ್ತುಮಾಡಿತು. ಲ್ಯಾಟಿನ್ ಇನ್ನು ಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎಂಬುದನ್ನು ಚರ್ಚು ಒಪ್ಪಿಕೊಂಡ ಗಳಿಗೆ ಅದು.

9ರಿಂದ 14ನೇ ಶತಮಾನದವರೆಗೆ ಉತ್ತರ ಮತ್ತು ಪೂರ್ವದ ನಾಡುಗಳು ಒಂದೊಂದಾಗಿ ರಾಜರ ಹಿಂದೆ ನಡೆದವು. ಬಲ್ಗೇರಿಯ 864ರ ಸುಮಾರಿಗೆ, ಡೆನ್ಮಾರ್ಕ್ 965ರ ಸುಮಾರಿಗೆ, ಪೋಲೆಂಡ್ 966ರಲ್ಲಿ, ಕೀಯೆವ್ 988ರಲ್ಲಿ. ಬಲ್ಗೇರಿಯದ ದೊರೆ ಬೋರಿಸ್ ಪೋಪ್ ನಿಕೊಲಸ್‌ಗೆ ಕಳಿಸಿದ ಪ್ರಶ್ನೆಗಳಿಗೆ 866ರಲ್ಲಿ 106 ಉತ್ತರಗಳು ಬಂದವು. ಪ್ರಶ್ನೆಗಳು ಹೆಚ್ಚಾಗಿ ದೇವರ ಸ್ವರೂಪದವಲ್ಲ. ಷರಾಯಿ ತೊಡಬಹುದೇ? ಬುಧವಾರ, ಶುಕ್ರವಾರ ಸ್ನಾನ ಮಾಡಬಹುದೇ? ಯುದ್ಧಕ್ಕೆ ಒಯ್ಯುತ್ತಿದ್ದ ಕುದುರೆಬಾಲದ ಬಾವುಟಕ್ಕೆ ಬದಲಾಗಿ ಏನು ಒಯ್ಯಬೇಕು? ರೋಗ ವಾಸಿ ಮಾಡುವ ಕಲ್ಲನ್ನು ಇಟ್ಟುಕೊಳ್ಳಬಹುದೇ? ಷರಾಯಿ, ಸ್ನಾನಗಳಿಗೆ ಅಡ್ಡಿಯಿಲ್ಲ, ಬಾಲದ ಬದಲು ಶಿಲುಬೆ ಒಯ್ಯಿರಿ, ಕಲ್ಲು ಮಾತ್ರ ಬೇಡ ಎಂದ ಪೋಪ್. ಹೊಸ ಧರ್ಮ ಎಂದರೆ ಅವರಿಗೆ ನಾಳೆ ಬೆಳಿಗ್ಗೆ ಎದ್ದು ಹೇಗೆ ಬದುಕಬೇಕು ಎಂಬುದೇ ಆಗಿತ್ತು.

ಐಸ್‌ಲ್ಯಾಂಡಿನಲ್ಲಿ ರಾಜನಿರಲಿಲ್ಲ. 1000ದ ಸುಮಾರಿಗೆ ಆಲ್ಥಿಂಗ್ ಎಂಬ ನಾಡಸಭೆಯಲ್ಲಿ ಕ್ರೈಸ್ತರೂ ಹಳೆಯ ನಂಬಿಕೆಯವರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದರು. ತೀರ್ಮಾನವನ್ನು ಸಭೆಯಲ್ಲಿ ಕಾನೂನು ಹೇಳುವ ಥೋರ್ಗೈರ್‌ಗೆ ಬಿಟ್ಟರು. ಅವನು ಹಳೆಯ ನಂಬಿಕೆಯವನೇ. ಹೊದಿಕೆ ಎಳೆದುಕೊಂಡು ಒಂದು ಹಗಲು ಒಂದು ರಾತ್ರಿ ಮಾತಿಲ್ಲದೆ ಮಲಗಿ, ಎದ್ದು ತೀರ್ಪು ಹೇಳಿದ. ನಾಡಿಗೆಲ್ಲ ಒಂದೇ ಕಾನೂನು, ಒಂದೇ ಧರ್ಮ ಇರಲಿ. ಎಲ್ಲರೂ ದೀಕ್ಷಾಸ್ನಾನ ಪಡೆಯಲಿ. ಆದರೆ ಕುದುರೆ ಮಾಂಸ ತಿನ್ನಬಹುದು, ಹುಟ್ಟಿದ ಕೂಸನ್ನು ಬಯಲಿಗೆ ಬಿಡುವ ಹಳೆಯ ರೂಢಿ ಇರಬಹುದು, ಯಾರ ಕಣ್ಣಿಗೂ ಬೀಳದಂತೆ ಮನೆಯಲ್ಲಿ ಬಲಿ ಕೊಡಬಹುದು. ಕೆಲವೇ ವರ್ಷಗಳಲ್ಲಿ ಈ ರಿಯಾಯಿತಿಗಳೂ ರದ್ದಾದವು. ಸಭೆಯಿಂದ ಮನೆಗೆ ಮರಳುವಾಗ ಅನೇಕರು ತಣ್ಣೀರು ಬೇಡವೆಂದು ಬಿಸಿನೀರ ಬುಗ್ಗೆಯಲ್ಲಿ ದೀಕ್ಷಾಸ್ನಾನ ಮಾಡಿದರಂತೆ. ಡೆನ್ಮಾರ್ಕ್‌ನ ಯೂಟ್‌ಲ್ಯಾಂಡ್‌ನಲ್ಲಿ ಸಿಕ್ಕ ಆ ಕಾಲದ ಒಂದು ಬಳಪದ ಕಲ್ಲಿನ ಅಚ್ಚಿನಲ್ಲಿ ಶಿಲುಬೆಯ ಗುಳಿಯೂ ಇದೆ, ಥೋರ್ ದೇವರ ಸುತ್ತಿಗೆಯ ಗುಳಿಯೂ ಇದೆ. ಒಂದೇ ಕಸುಬುದಾರ, ಒಂದೇ ಕಲ್ಲು. ಕೊರಳಿಗೆ ಯಾವುದು ಬೇಕೆಂದು ಗಿರಾಕಿ ಕೇಳಿದರೆ ಸಾಕು.

ಬಾಲ್ಟಿಕ್ ಕರಾವಳಿಗೆ ಧರ್ಮ ಬಂದದ್ದು ಟ್ಯೂಟಾನಿಕ್ ವೀರರೆಂಬ ಜರ್ಮನ್ ಧರ್ಮಯೋಧರ ಕತ್ತಿಯ ಜೊತೆ. ಕೊನೆಯದಾಗಿ ಲಿಥುವೇನಿಯ ತನ್ನ ದೊರೆ ಯೊಗೈಲನ ಮೂಲಕ 1387ರಲ್ಲಿ ಕ್ರೈಸ್ತ ನಾಡಾಯಿತು. ಜನರನ್ನು ಗುಂಪು ಗುಂಪಾಗಿ ನಿಲ್ಲಿಸಿ ನೀರು ಚಿಮುಕಿಸಿ, ಒಂದೊಂದು ಗುಂಪಿಗೆ ಒಂದೊಂದೇ ಹೆಸರಿಟ್ಟು, ಪೋಲೆಂಡಿನಿಂದ ತಂದ ಉಣ್ಣೆ ಅಂಗಿ ಹಂಚಿದರೆಂದು ಚರಿತ್ರಕಾರ ಯಾನ್ ದ್ಲುಗೋಶ್ ಬರೆದಿದ್ದಾನೆ.

ಹೀಗೆ ನೀರು ತಾಗಿದ ಜನರನ್ನು ನಿಜಕ್ಕೂ ಕ್ರೈಸ್ತರನ್ನಾಗಿ ಮಾಡಿದ್ದು ಊರಿನ ಚರ್ಚು. ಮೊದಲ ಶತಮಾನಗಳಲ್ಲಿ ಚರ್ಚು ದೂರದ ಪಟ್ಟಣದಲ್ಲೋ ಮಠದಲ್ಲೋ ಇರುತ್ತಿತ್ತು. 10ರಿಂದ 12ನೇ ಶತಮಾನದ ನಡುವೆ ಹಳ್ಳಿಗೊಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಅದರ ಸುತ್ತ ಸ್ಮಶಾನ ಎಂಬ ಏರ್ಪಾಡು ಪಶ್ಚಿಮ ಯೂರೋಪಿನಲ್ಲಿ ನೆಲೆಗೊಂಡಿತು. ಭೂಮಾಲೀಕರು ತಮ್ಮ ಜಮೀನಿನಲ್ಲೇ ಚರ್ಚು ಕಟ್ಟಿಸಿ, ತಮಗೆ ಬೇಕಾದವನನ್ನು ಪಾದ್ರಿಯಾಗಿ ಇಟ್ಟುಕೊಳ್ಳುತ್ತಿದ್ದರು. ಅನೇಕ ಪಾದ್ರಿಗಳು ಅದೇ ಊರಿನ ರೈತರ ಮಕ್ಕಳು. ಬಹುಕಾಲದವರೆಗೆ ಅವರಿಗೆ ಹೆಂಡತಿ ಮಕ್ಕಳಿದ್ದರು, ಉಳುವ ಹೊಲವೂ ಇತ್ತು. ದಶಮಾಂಶದ ಹೊರೆ ಭಾರವಾಗಿದ್ದುದು ನಿಜ. ಆದರೆ ಯಾವ ಹೊಲದ ಧಾನ್ಯ ಯಾವ ಚರ್ಚಿಗೆ ಎಂದು ನಿಗದಿಯಾದಾಗಲೇ ಯಾವ ಮನೆ ಯಾವ ಚರ್ಚಿನದು ಎಂಬ ಗಡಿಯೂ ಗಟ್ಟಿಯಾಯಿತು.

ಸಾವಿನ ಬದಲಾವಣೆ ಎಲ್ಲಕ್ಕಿಂತ ಆಳವಾದದ್ದು. ರೋಮನ್ನರು ಹೆಣಗಳನ್ನು ಊರ ಹೊರಗೆ ಇಡುತ್ತಿದ್ದರು. ಉತ್ತರದವರು ಹಿರಿಯರ ದಿಬ್ಬಗಳಲ್ಲಿ ಆಯುಧ, ಒಡವೆ, ಪಾತ್ರೆಗಳ ಜೊತೆ ಹೂಳುತ್ತಿದ್ದರು. ಈಗ ಸತ್ತವರು ಊರ ನಡುವೆ ಚರ್ಚಿನ ಗೋಡೆಯ ಪಕ್ಕಕ್ಕೆ ಬಂದರು, ಬರಿಗೈಯಲ್ಲಿ ಬಂದರು. ಭಾನುವಾರ ಪೂಜೆಗೆ ಹೋಗುವವರು ತಮ್ಮ ಅಜ್ಜ ಅಜ್ಜಿಯರ ಸಮಾಧಿಗಳ ನಡುವೆಯೇ ನಡೆದು ಹೋಗಬೇಕಿತ್ತು. 11ನೇ ಶತಮಾನದ ಹೊಸ್ತಿಲಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಒಡೆಯ ಓಡಿಲೋ ನವೆಂಬರ್ 2ನ್ನು ಸತ್ತವರೆಲ್ಲರ ದಿನವೆಂದು ಆಚರಣೆಗೆ ತಂದ. ಅದು ಹಳ್ಳಿಹಳ್ಳಿಗೆ ಹರಡಿತು. ಸತ್ತವರಿಗಾಗಿ ಬದುಕಿರುವವರು ಏನಾದರೂ ಮಾಡಬಹುದು ಎಂಬ ಭರವಸೆಯೇ ಜನರನ್ನು ಚರ್ಚಿಗೆ ಕಟ್ಟಿಹಾಕಿದ ಬಲವಾದ ಹಗ್ಗ.

ವರ್ಷದ ಕೆಲಸಗಳಿಗೂ ಸಂತರ ಹೆಸರು ಬಂತು. ಫೆಬ್ರುವರಿ 2ರಂದು ಮೇಣದಬತ್ತಿಗಳನ್ನು ಹರಸಿಕೊಂಡು ತಂದು ಸಿಡಿಲು ಮಳೆಯ ದಿನ ಹಚ್ಚಲು ಇಟ್ಟುಕೊಳ್ಳುವುದು, ವಸಂತದಲ್ಲಿ ಪಾದ್ರಿಯ ಜೊತೆ ಹೊಲಗಳ ಸುತ್ತ ಮೆರವಣಿಗೆ ಹೋಗಿ ಬೆಳೆಗಾಗಿ ಬೇಡುವುದು, ಜೂನ್ 24ರ ಸಂತ ಯೋವಾನ್ನನ ಹಬ್ಬದ ಹಿಂದಿನ ರಾತ್ರಿ ಬೆಂಕಿ ಹಾಕುವುದು, ಸೆಪ್ಟೆಂಬರ್ 29ರ ಸಂತ ಮೈಕೇಲನ ದಿನ ಗೇಣಿ ಲೆಕ್ಕ ತೀರಿಸುವುದು, ನವೆಂಬರ್ 11ರ ಸಂತ ಮಾರ್ಟಿನನ ದಿನ ಚಳಿಗಾಲಕ್ಕೆಂದು ದನ ಹಂದಿ ಕಡಿಯುವುದು. ಪೈನ್ ಮರಕ್ಕೆ ಕೊಡಲಿ ಹಾಕಹೋದ ಅದೇ ಮಾರ್ಟಿನ್ ಹಳ್ಳಿಯ ಪಂಚಾಂಗದಲ್ಲಿ ಮಾಂಸದೂಟದ ಸಂತನಾದ.

ಬೆರಕೆ ಎಷ್ಟು ಸಹಜವಾಗಿತ್ತೆಂಬುದಕ್ಕೆ 11ನೇ ಶತಮಾನದ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿರುವ, ಬಂಜರುಬಿದ್ದ ಹೊಲವನ್ನು ಸರಿಪಡಿಸುವ ವಿಧಿಯನ್ನು ನೋಡಬೇಕು. ಬೆಳಗಾಗುವ ಮುನ್ನ ಹೊಲದ ನಾಲ್ಕು ಕಡೆಯಿಂದ ನಾಲ್ಕು ಹುಲ್ಲುಹೆಂಟೆ ಕೀಳಬೇಕು. ಎಣ್ಣೆ, ಜೇನು, ಹುದುಗು, ಆ ನೆಲದಲ್ಲಿ ಮೇಯುವ ಪ್ರತಿಯೊಂದು ದನದ ಹಾಲು, ಅಲ್ಲಿ ಬೆಳೆಯುವ ಮರಗಳ ಚೂರು, ಇಷ್ಟನ್ನು ಸೇರಿಸಿ ಮೇಲೆ ಪವಿತ್ರ ತೀರ್ಥ ಹಾಕಬೇಕು. ಹೆಂಟೆಗಳನ್ನು ಚರ್ಚಿಗೆ ಒಯ್ದು, ಹಸಿರು ಭಾಗ ಪೂಜಾಪೀಠದ ಕಡೆಗಿರುವಂತೆ ಇಟ್ಟು, ಪಾದ್ರಿಯಿಂದ ನಾಲ್ಕು ಪೂಜೆ ಮಾಡಿಸಬೇಕು. ಹೊತ್ತು ಮುಳುಗುವುದರೊಳಗೆ ಅವನ್ನು ಎಲ್ಲಿಂದ ಕಿತ್ತಿದ್ದೋ ಅಲ್ಲಿಗೇ ಸೇರಿಸಿ, ಅಡಿಯಲ್ಲಿ ನಾಲ್ವರು ಸುವಾರ್ತಾಕಾರರ ಹೆಸರು ಬರೆದ ಶಿಲುಬೆಗಳನ್ನು ಇಡಬೇಕು. ಆಮೇಲೆ ನೇಗಿಲು ಹೂಡುವಾಗ ಭೂಮಿತಾಯಿಯನ್ನು ಹೆಸರಿಟ್ಟು ಕರೆಯಬೇಕು. ಇದನ್ನು ಬರೆದಿಟ್ಟವನು ಚರ್ಚಿನಲ್ಲಿ ಅಕ್ಷರ ಕಲಿತವನೇ ಇರಬೇಕು, ಪೂಜೆ ಮಾಡಿದವನು ಪಾದ್ರಿಯೇ. ಹಳೆಯದು ಯಾವುದು ಹೊಸದು ಯಾವುದು ಎಂದು ಗೆರೆ ಎಳೆಯುವ ಅಗತ್ಯ ಹೊಲದ ಅಂಚಿನಲ್ಲಿ ನಿಂತವರಿಗೆ ಕಾಣಲಿಲ್ಲ.

ಗೆರೆ ಎಳೆಯುವ ಕೆಲಸ 1215ರ ನಂತರ ಬಿರುಸಾಯಿತು. ಪೋಪ್ ಮೂರನೇ ಇನ್ನೊಸೆಂಟ್ ರೋಮ್‌ನಲ್ಲಿ ಕರೆದ ನಾಲ್ಕನೇ ಲ್ಯಾಟರನ್ ಮಹಾಸಭೆ, ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ತಮ್ಮ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ, ಈಸ್ಟರ್ ಹೊತ್ತಿಗೆ ಪರಮಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ಮದುವೆಯನ್ನು ಮುಂಚೆಯೇ ಚರ್ಚಿನಲ್ಲಿ ಸಾರಬೇಕು ಎಂಬುದೂ ಆ ಸಭೆಯದೇ ನಿಯಮ. ಅದೇ ಕಾಲಕ್ಕೆ ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಸನ್ಯಾಸಿಗಳು ಹುಟ್ಟಿಕೊಂಡು, ಸಂತೆಗಳಲ್ಲಿ ಜನರ ಮಾತಿನಲ್ಲೇ ಪ್ರವಚನ ಮಾಡುತ್ತ ತಿರುಗಿದರು. 1223ರ ಕ್ರಿಸ್ಮಸ್ ರಾತ್ರಿ ಅಸ್ಸೀಸಿಯ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ ತರಿಸಿ ನಿಲ್ಲಿಸಿದ. ದೇವರು ಹುಟ್ಟಿದ್ದು ತಮ್ಮ ಮನೆಯಂಥದೇ ಕೊಟ್ಟಿಗೆಯಲ್ಲಿ ಎಂಬುದನ್ನು ರೈತರು ಕಣ್ಣಾರೆ ಕಂಡರು. 1281ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪೆಚಮ್, ವಿ‍ಶ್ವಾಸಸಂಗ್ರಹವನ್ನೂ ಹತ್ತು ಕಟ್ಟಳೆಗಳನ್ನೂ ವರ್ಷಕ್ಕೆ ನಾಲ್ಕು ಸಲ ಜನರ ಭಾಷೆಯಲ್ಲಿ ವಿವರಿಸಬೇಕೆಂದು ಪಾದ್ರಿಗಳಿಗೆ ಆಜ್ಞೆ ಮಾಡಿದ. ಬೀಡ್ ಕೇಳಿಕೊಂಡು ಐದೂವರೆ ಶತಮಾನ ಕಳೆದಿತ್ತು. ಪಟ್ಟಣದ ಕಸುಬುದಾರರಂತೂ ಬೈಬಲ್ ಕಥೆಗಳನ್ನು ತಾವೇ ಆಡಿ ತೋರಿಸುವ ಮಟ್ಟಕ್ಕೆ ಬಂದರು. ಯಾರ್ಕ್‌ನ ಬೀದಿ ನಾಟಕಗಳಲ್ಲಿ ನೋಹನ ನಾವೆ ಕಟ್ಟುವ ಆಟ ಹಡಗು ಕಟ್ಟುವವರದು, ಕಡೆಯ ಊಟದ ಆಟ ರೊಟ್ಟಿ ಸುಡುವವರದು, ಯೇಸುವನ್ನು ಶಿಲುಬೆಗೆ ಜಡಿಯುವ ಆಟ ಮೊಳೆ ಮಾಡುವವರದು.

ಪಾಪನಿವೇದನೆ ಕಡ್ಡಾಯವಾದ್ದರಿಂದ ಮನೆಯೊಳಗಿನ ಗುಟ್ಟುಗಳು ಓದುಬಲ್ಲವರ ಕಿವಿಗೆ ಬೀಳತೊಡಗಿದವು. 13ನೇ ಶತಮಾನದ ನಡುವೆ ಬುರ್ಬೋನಿನ ಸ್ಟೀಫನ್ ಎಂಬ ಡೊಮಿನಿಕನ್ ಸನ್ಯಾಸಿ ಫ್ರಾನ್ಸಿನ ಲಿಯೋನ್ ಸೀಮೆಯಲ್ಲಿ ಪಾಪನಿವೇದನೆ ಕೇಳುತ್ತಿದ್ದಾಗ, ಮಕ್ಕಳನ್ನು ಸಂತ ಗಿನ್‌ಫೋರ್ ಬಳಿಗೆ ಒಯ್ದಿದ್ದೆವು ಎಂದು ಅನೇಕ ಹೆಂಗಸರು ಹೇಳಿದರು. ಯಾವ ಸಂತನೆಂದು ವಿಚಾರಿಸಿದರೆ ಅದೊಂದು ಬೇಟೆನಾಯಿ. ಒಬ್ಬ ಒಡೆಯನ ಕೂಸಿನ ತೊಟ್ಟಿಲಿಗೆ ಹಾವು ಬಂತು, ಮನೆಯ ನಾಯಿ ಅದನ್ನು ಕೊಂದಿತು, ನಾಯಿಯ ಬಾಯಲ್ಲಿ ರಕ್ತ ಕಂಡ ಒಡೆಯ ಕೂಸನ್ನೇ ತಿಂದಿತೆಂದು ಅದನ್ನು ಕತ್ತಿಯಿಂದ ಕಡಿದ. ನಿಜ ತಿಳಿದಾಗ ನೊಂದು, ಬಾವಿಗೆ ಹಾಕಿ ಕಲ್ಲು ಪೇರಿಸಿ ಸುತ್ತ ಮರ ನೆಟ್ಟ. ಪಂಚತಂತ್ರದ ಬ್ರಾಹ್ಮಣಿ ಮತ್ತು ಮುಂಗುಸಿಯ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ಗುರುತಿಸಲು ಕ್ಷಣವೂ ಬೇಡ. ಭಾರತದ ಆ ಕಥೆ ಪರ್ಷಿಯ, ಅರಬ್ ನಾಡುಗಳನ್ನು ದಾಟಿ ಯೂರೋಪಿಗೆ ಬರುವಷ್ಟರಲ್ಲಿ ಮುಂಗುಸಿ ನಾಯಿಯಾಗಿತ್ತು, ಲಿಯೋನ್ ಸೀಮೆಯಲ್ಲಿ ಆ ನಾಯಿ ಸಂತನಾಯಿತು.

ಸ್ಟೀಫನ್ ಆ ತಾಯಂದಿರು ಮಾಡುತ್ತಿದ್ದುದನ್ನು ಒಂದೊಂದಾಗಿ ಬರೆದಿದ್ದಾನೆ. ಸೊರಗಿದ ಕೂಸನ್ನು ಎತ್ತಿಕೊಂಡು ಬಂದು ಉಪ್ಪು ಅರ್ಪಿಸಬೇಕು. ಕೂಸಿನ ಬಟ್ಟೆಯನ್ನು ಪೊದೆಗೆ ತೂಗುಹಾಕಿ, ಮರಕ್ಕೆ ಮೊಳೆ ಹೊಡೆಯಬೇಕು. ತಾಯಿ ಒಂದು ಕಡೆ, ಒಬ್ಬ ಮುದುಕಿ ಇನ್ನೊಂದು ಕಡೆ ನಿಂತು ಎರಡು ಮರಗಳ ನಡುವಿನಿಂದ ಬತ್ತಲೆ ಕೂಸನ್ನು ಒಂಬತ್ತು ಸಲ ದಾಟಿಸಬೇಕು. ಕಾಡಿನ ಭೂತಗಳು ತಮ್ಮ ರೋಗದ ಮರಿಯನ್ನು ತೆಗೆದುಕೊಂಡು ತನ್ನ ಮಗುವನ್ನು ಹಿಂದಿರುಗಿಸಲಿ ಎಂದು ತಾಯಿ ಬೇಡಬೇಕು. ಮರದ ಬುಡದಲ್ಲಿ ಹುಲ್ಲಿನ ಮೇಲೆ ಕೂಸನ್ನು ಮಲಗಿಸಿ, ಎರಡು ತುಂಡು ಮೇಣದಬತ್ತಿ ಹಚ್ಚಿ, ಅವು ಉರಿದು ಮುಗಿಯುವವರೆಗೆ ಅಳು ಕೇಳಿಸದಷ್ಟು ದೂರ ಹೋಗಬೇಕು. ಬತ್ತಿಯ ಬೆಂಕಿಗೆ ಸುಟ್ಟುಹೋದ ಕೂಸುಗಳೂ ಇದ್ದವು. ಉಳಿದ ಕೂಸನ್ನು ಶಾಲರೋನ್ ಹೊಳೆಯಲ್ಲಿ ಒಂಬತ್ತು ಸಲ ಮುಳುಗಿಸಬೇಕು. ಈ ವಿಧಿಯ ಕ್ರೌರ್ಯ ಸ್ಟೀಫನ್‌ಗೆ ಕಂಡದ್ದು ಸರಿಯೇ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ತೊಟ್ಟಿಲಲ್ಲೇ ಸಾಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದ ತಾಯಿಯ ದುಃಖ ಅವನ ಬರಹದಲ್ಲಿ ಎಲ್ಲೂ ಇಲ್ಲ. ತಾವು ಕ್ರೈಸ್ತಧರ್ಮ ಬಿಟ್ಟಿದ್ದೇವೆ ಎಂದು ಆ ಹೆಂಗಸರು ತಿಳಿದಿರಲಿಲ್ಲ. ಸಂತನ ಹೆಸರು ಹೇಳಿದ್ದರು, ಬತ್ತಿ ಹಚ್ಚಿದ್ದರು, ಈಸ್ಟರ್‌ಗೆ ಮುಂಚೆ ಮಾಡಬೇಕಾದ ಪಾಪನಿವೇದನೆಯಂಥದ್ದರಲ್ಲೇ ಅದನ್ನು ತಿಳಿಸಿಯೂ ಇದ್ದರು.

ಸ್ಟೀಫನ್ ಊರವರನ್ನು ಸೇರಿಸಿ ಉಪದೇಶ ಮಾಡಿದ, ನಾಯಿಯ ಎಲುಬುಗಳನ್ನು ಅಗೆಸಿದ, ತೋಪನ್ನು ಕಡಿಸಿ ಎರಡನ್ನೂ ಒಟ್ಟಿಗೆ ಸುಡಿಸಿದ. ಇನ್ನು ಯಾರಾದರೂ ಅಲ್ಲಿಗೆ ಹೋದರೆ ಆಸ್ತಿ ಮುಟ್ಟುಗೋಲು ಎಂದು ಆ ನೆಲದ ಒಡೆಯರಿಂದ ಆಜ್ಞೆ ಹೊರಡಿಸಿದ. ಮರಗಳು ಮತ್ತೆ ಚಿಗುರಿದವು. 19ನೇ ಶತಮಾನದಲ್ಲಿ ಜಾನಪದ ಸಂಗ್ರಾಹಕರು ಆ ಜಾಗ ಹುಡುಕಿಕೊಂಡು ಹೋದಾಗ, ಸಂತ ಗಿನ್‌ಫೋರ್‌ನ ತೋಪಿಗೆ ತಾಯಂದಿರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಇನ್ನೂ ಬರುತ್ತಿದ್ದರು.